ಆಯಿಯ ಟೊಂಕದ ಎಲುಬು, ಇಂಗ್ಲೆಂಡಿನ 36 ಗಂಟೆ

ಗದಗಿನ ನಮ್ಮ ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದೆ. ಒದ್ದೆಯಾದರೆ ಕಾಲು ನಿಲ್ಲೋದಿಲ್ಲ. ಆಯಿ ಜಾರಿದ್ದು ಅಲ್ಲೇ. ಎಡಗಾಲು ಗಿಡ್ಡಾಗಿ, ಪಾದ ಹೊರಕ್ಕೆ ಹೊರಳಿತ್ತು. ಟೊಂಕದ ಎಲುಬು, ಅಂದರೆ ತೊಡೆ ಎಲುಬಿನ ಮೇಲ್ತುದಿ, ಮುರಿದಿತ್ತು. ವಯಸ್ಸಾದವರು ಬಿದ್ದು ಕಾಲು ಹೀಗೆ ಕಂಡರೆ ಎಲುಬು ಕಟ್ಟುವವರ ಹತ್ತಿರ ಹೋಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ನಾವೂ ಹುಬ್ಬಳ್ಳಿಗೆ ಓಡಿದೆವು. ಆದರೆ ಆಪರೇಷನ್ ಆಗಿದ್ದು ಐದನೇ ದಿನ. ಶುಗರ್ ಇಳಿಯಬೇಕಿತ್ತು, ಪುಣೆಯಿಂದ ಕಾಕಾ ಬರಬೇಕಿತ್ತು, ದುಡ್ಡು ಹೊಂದಿಸಬೇಕಿತ್ತು. ಅಷ್ಟರಲ್ಲಿ ಆಯಿಗೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯದಾಯಿತು, ನನ್ನನ್ನೇ "ಯಾರಪ್ಪಾ ನೀ?" ಅಂದಳು.

ಎಲುಬು ಕೂಡಿಸುವ ವಿದ್ಯೆ ಲಂಡನ್ನಿನಲ್ಲೂ ಹುಬ್ಬಳ್ಳಿಯಲ್ಲೂ ಹೆಚ್ಚುಕಮ್ಮಿ ಒಂದೇ. ತೊಡೆ ಎಲುಬಿನ ತುದಿಯಲ್ಲಿ ಗುಂಡಗಿನ ತಲೆ, ಅದರ ಕೆಳಗೆ ಕುತ್ತಿಗೆ. ಆ ಕುತ್ತಿಗೆ ಮುರಿದು ಸರಿದರೆ ತಲೆಗೆ ರಕ್ತ ಹೋಗುವುದು ನಿಲ್ಲಬಹುದು, ಹಾಗಾಗಿ ವಯಸ್ಸಾದವರಿಗೆ ಅದರ ಜಾಗಕ್ಕೆ ಲೋಹದ ತಲೆ ಹಾಕುತ್ತಾರೆ. ಸ್ವಲ್ಪ ಕೆಳಗೆ ಮುರಿದಿದ್ದರೆ ರಾಡು, ಸ್ಕ್ರೂ. ವ್ಯತ್ಯಾಸ ಇರೋದು ಆಪರೇಷನ್ನಿನ ಹಿಂದಿನ ಗಂಟೆಗಳಲ್ಲಿ, ಮುಂದಿನ ದಿನಗಳಲ್ಲಿ.

ಇಂಗ್ಲೆಂಡಿನಲ್ಲಿ 2007ರಿಂದ ಇಂಥ ಪ್ರತಿ ರೋಗಿಯ ಲೆಕ್ಕ ಇಡಲು ಶುರು ಮಾಡಿದರು. 2010ರಿಂದ, 36 ಗಂಟೆಯೊಳಗೆ ಆಪರೇಷನ್ ಮಾಡಿ, ವೃದ್ಧರ ಡಾಕ್ಟರಿಂದಲೂ ನೋಡಿಸಿದರೆ ಆಸ್ಪತ್ರೆಗೆ ಹೆಚ್ಚಿನ ಹಣ. 2007ರಲ್ಲಿ ತಿಂಗಳೊಳಗೆ ತೀರಿಕೊಳ್ಳುತ್ತಿದ್ದವರು ನೂರಕ್ಕೆ ಸುಮಾರು 11 ಜನ, 2011ಕ್ಕೆ 8.5ಕ್ಕೆ ಇಳಿಯಿತು. ಸ್ವೀಡನ್ ಅಂತೂ 1988ರಿಂದಲೇ ಲೆಕ್ಕ ಇಡುತ್ತಿದೆ.

ಹಾಗಂತ ಎಷ್ಟು ಬೇಗ ಮಾಡಿದರೆ ಅಷ್ಟು ಜೀವ ಉಳಿಯುತ್ತದೆ ಅಂತಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು ಮೂರು ಸಾವಿರ ರೋಗಿಗಳ ಅಧ್ಯಯನ 2020ರಲ್ಲಿ ಬಂತು. ಎಲುಬು ಮುರಿದದ್ದು ಆಸ್ಪತ್ರೆಯಲ್ಲಿ ಪತ್ತೆಯಾದ ಮೇಲೆ ಸುಮಾರು 6 ಗಂಟೆಗೆ ಮಾಡಿದರೂ, 24 ಗಂಟೆಗೆ ಮಾಡಿದರೂ ಸಾವಿನಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿ ಗೊಂದಲ ಕಡಿಮೆ, ಎದ್ದು ನಿಂತಿದ್ದೂ ಬೇಗ. ಇದನ್ನು ಓದಿದಾಗ ಆಯಿಯ ಆ ಪ್ರಶ್ನೆ ನೆನಪಾಗಿ ಹೊಟ್ಟೆ ಚುರುಕ್ ಅಂದಿತು.

ಇನ್ನೊಂದು ತಪ್ಪು ನಮ್ಮ ಪ್ರೀತಿಯದೇ. "ಏಳಬ್ಯಾಡ ಆಯಿ, ಮಲಕೋ" ಅಂತ ಎಲ್ಲರೂ ಒತ್ತಿ ಮಲಗಿಸಿದೆವು. ಇಂಗ್ಲೆಂಡಿನಲ್ಲಿ ಆಪರೇಷನ್ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು ಅನ್ನುವುದು ನಿಯಮ. ಮಲಗಿದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ತೊಡೆಯ ಮಾಂಸ ಕರಗುತ್ತದೆ. ನಮ್ಮ ಆಯಿ ವಾಕರ್ ಹಿಡಿದದ್ದು ಹತ್ತನೇ ದಿನ. ಕೈ ಗಡಗಡ ನಡುಗುತ್ತಿತ್ತು, ನಾಲ್ಕು ಹೆಜ್ಜೆಗೆ ಬೆವೆತಳು.

ಈಗ ಅಡುಗೆಮನೆವರೆಗೆ ಬರುತ್ತಾಳೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಆದರೆ ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಭಯ ಜಾಸ್ತಿ, ಎಲುಬು ಗಟ್ಟಿಯಾಗಲು ವರ್ಷಕ್ಕೊಂದು ಇಂಜೆಕ್ಷನ್ ಇದೆ. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ಕ್ಯಾಲ್ಸಿಯಂ ಗುಳಿಗೆ ಇದೆ. ಸೋಮವಾರ ಅದೇ ಚೀಟಿ ಹಿಡಿದು ಡಾಕ್ಟರನ್ನು ಕೇಳಲು ಹೋಗುತ್ತಿದ್ದೇನೆ.