ಟಿಪ್ಪಣಿ: ರಸ್ತೆ ಗುಂಡಿಯ ದೂರು ಎಲ್ಲಿಗೆ ಹೋಗುತ್ತದೆ?

ಪೌರಾಡಳಿತ ಓದುವಾಗ ನಾನು ಜಾಸ್ತಿ ಎಡವಿದ ಭಾಗ ಇದು. ದೂರು ಕೊಡುವ ಮೊದಲು ತಿಳಿಯಬೇಕಾದ್ದು: ಈ ರಸ್ತೆ ಯಾರದು?

ಮನೆ ಮುಂದಿನ ಬೀದಿ ಸಾಮಾನ್ಯವಾಗಿ ನಗರಸಭೆ ಅಥವಾ ಪಾಲಿಕೆಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಳೆಯ ನೋಟ್ಸ್ ಇದ್ದರೆ ತಿದ್ದಿಕೊಳ್ಳಿ.

ದೂರು ಕೊನೆಗೆ ಬರುವುದು ವಾರ್ಡ್ ಇಂಜಿನಿಯರ್ ಬಳಿಗೆ. ಅವರು ಮೊದಲು ನೋಡಬೇಕಾದ್ದು ಗುಂಡಿಯನ್ನಲ್ಲ, ಕಡತವನ್ನು. ಡಾಂಬರು ಹಾಕಿದ ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯಾ? ಮುಗಿದಿಲ್ಲವಾದರೆ ಆತನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಮುಗಿದಿದ್ದರೆ ಮಾತ್ರ ನಿರ್ವಹಣೆಯ ಹಣ. ಇದನ್ನು ನೋಡದೆ ಬಿಲ್ ಬರೆದರೆ ಒಂದೇ ರಸ್ತೆಗೆ ಜನರ ದುಡ್ಡು ಎರಡು ಸಲ ಹೋಗುತ್ತದೆ. ನನಗೆ ಈ ಪಾಠದಲ್ಲಿ ಇದೇ ಮುಖ್ಯ ಅನ್ನಿಸುತ್ತದೆ. ನೀರಿನ ಪೈಪಿಗೋ ಕೇಬಲ್‌ಗೋ ಅಗೆದು ಆದ ಗುಂಡಿಯಾದರೆ, ಅಗೆಯಲು ಅನುಮತಿ ಪಡೆದವರು ಯಾರು, ಮತ್ತೆ ಮುಚ್ಚುವ ಹೊಣೆ ಯಾರಿಗೆ ಎಂಬುದನ್ನೂ ನೋಡಬೇಕು.

ಇನ್ನು ದುರಸ್ತಿ. ಸುಮ್ನೆ ಜಲ್ಲಿ ಸುರಿದು ಸಲಿಕೆಯಿಂದ ತಟ್ಟಿದರೆ ಮುಂದಿನ ಮಳೆಗೆ ಎದ್ದು ಹೋಗುತ್ತದೆ. ಸರಿಯಾದ ಕ್ರಮ ಹೀಗಿದೆ: ಗುಂಡಿಯ ಸುತ್ತ ಸಡಿಲವಾದ ಡಾಂಬರನ್ನು ಚೌಕಾಕಾರವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಬೇಕು. ಮಣ್ಣು, ನೀರು ತೆಗೆದು ಒಣಗಿಸಬೇಕು. ತಳಕ್ಕೂ ಅಂಚಿಗೂ ತೆಳುವಾಗಿ ಟಾರು ಬಳಿಯಬೇಕು. ಆಮೇಲೆ ಜಲ್ಲಿ, ಡಾಂಬರಿನ ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ ರೋಲರ್ ಹಾಯಿಸಬೇಕು. ಒದ್ದೆ ಗುಂಡಿಗೆ ಬಿಸಿ ಮಿಶ್ರಣ ಅಂಟುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕುವ ಮಿಶ್ರಣ) ಬಳಸುವುದು, ಅದು ಹೆಚ್ಚಾಗಿ ತಾತ್ಕಾಲಿಕ.

ನಮ್ಮ ಬೀದಿಯ ತಿರುವಿನಲ್ಲಿ ಒಮ್ಮೆ ಗುಂಡಿ ಮುಚ್ಚಿದ್ದರು. ಅಂಚು ಕತ್ತರಿಸಿರಲಿಲ್ಲ. ಎರಡೇ ವಾರದಲ್ಲಿ ಜಲ್ಲಿ ರಸ್ತೆ ತುಂಬಾ ಹರಡಿ, ಸ್ಕೂಟರಿನಲ್ಲಿ ಬಂದ ಒಬ್ಬ ಅಜ್ಜ ಜಾರಿಬಿದ್ದರು. ದೂರಿಗೆ ಮಾತ್ರ 'ಪರಿಹರಿಸಲಾಗಿದೆ' ಎಂಬ ಉತ್ತರ ಬಂದಿತ್ತು.

ಹಾಗಾದಾಗ ದೂರಿನ ಸಂಖ್ಯೆ, ದಿನಾಂಕ ಕಾಣುವ ಫೋಟೋ ಇಟ್ಟುಕೊಂಡು ಮತ್ತೆ ದೂರು ಕೊಡಿ. ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆ ರಸ್ತೆಯ ಕಾರ್ಯಾದೇಶದ (ಗುತ್ತಿಗೆದಾರನಿಗೆ ಕೆಲಸ ವಹಿಸಿದ ಆದೇಶ) ಪ್ರತಿ, ಹೊಣೆಗಾರಿಕೆ ಮುಗಿಯುವ ದಿನಾಂಕ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು, ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ.