ಅಪಾಯದ ಹೊತ್ತಲ್ಲಿ ಲೀಡರ್ ಎಲ್ಲರನ್ನೂ ಕೇಳ್ತಾ ಕೂರಬೇಕಾ?

ಪ್ರಶ್ನೆ: ವಿಮಾನ, ಗಣಿ, ಹಿಮಪರ್ವತ, ಇಂಥ ಕಡೆ ಜೀವಕ್ಕೇ ಕುತ್ತು ಬಂದಾಗ ಒಬ್ಬರ ಮಾತೇ ನಡೆಯಬೇಕಲ್ವಾ? ಹತ್ತು ಜನರ ಅಭಿಪ್ರಾಯ ಕೇಳ್ತಾ ಕೂತರೆ ಕೆಲಸ ಕೆಡುವುದಿಲ್ವಾ?

ಉತ್ತರ: ಕೊನೇ ತೀರ್ಮಾನ ಒಬ್ಬರದ್ದೇ ಇರಲಿ, ತೊಂದರೆ ಇಲ್ಲ. ಆದರೆ ಆ ಒಬ್ಬರಿಗೆ ಗೊತ್ತಿಲ್ಲದ ವಿಷಯ ಪಕ್ಕದಲ್ಲಿ ಕೂತವರಿಗೆ ಗೊತ್ತಿದ್ದರೆ? ಎಡವಟ್ಟಾಗುವುದು ಅಲ್ಲೇ.

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು, ಒಂದು ನೆದರ್ಲೆಂಡ್ಸ್‌ನ ಕೆಎಲ್ಎಂ ಕಂಪನಿಯದು, ಇನ್ನೊಂದು ಅಮೆರಿಕದ ಪ್ಯಾನ್ ಆ್ಯಮ್ ಕಂಪನಿಯದು. ಒಂದಕ್ಕೊಂದು ಕಾಣುತ್ತಿಲ್ಲ. ಕೆಎಲ್ಎಂ ಕ್ಯಾಪ್ಟನ್ ಬೇರೆ ಪೈಲಟ್‌ಗಳಿಗೇ ಪಾಠ ಹೇಳುವ ಹಿರಿಯರು. ಅನುಮತಿ ಬರುವ ಮೊದಲೇ ಅವರು ಟೇಕಾಫ್‌ಗೆ ಹೊರಟರು. ಕೋ-ಪೈಲಟ್ ತಡೆದರು. ಸ್ವಲ್ಪ ಹೊತ್ತಲ್ಲೇ ಕ್ಯಾಪ್ಟನ್ ಮತ್ತೆ ಹೊರಟರು. ಈ ಸಲ ಕೋ-ಪೈಲಟ್ ತಡೆಯಲಿಲ್ಲ. ವಿಮಾನ ಓಡತೊಡಗಿದ ಮೇಲೆ, ಪೈಲಟ್‌ಗಳ ಜೊತೆ ಕೂತು ಯಂತ್ರಗಳ ಮೇಲೆ ಕಣ್ಣಿಡುವ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಆ್ಯಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅಲ್ಲಿಗೆ ಮಾತು ಮುಗಿಯಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ಕಾರಣಗಳು ಬೇರೆಯೂ ಇದ್ದವು. ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿ ಮುಖ್ಯ ಸಂದೇಶವೇ ಸರಿಯಾಗಿ ಕೇಳಿಸಲಿಲ್ಲ. ಆದರೆ ನನ್ನನ್ನು ಕಾಡುವುದು ಆ ಎಂಜಿನಿಯರ್ ಮಾತು. ಅವರ ಅನುಮಾನ ಸರಿಯಾಗೇ ಇತ್ತು. "ನಿಲ್ಲಿಸಿ" ಅನ್ನುವ ಜಾಗದಲ್ಲಿ ಪ್ರಶ್ನೆ ಕೇಳಿದರು, ಅಷ್ಟೇ. ದೊಡ್ಡವರ ಮುಂದೆ ನಾವೂ ಹೀಗೇ ಮೆತ್ತಗೆ ಕೇಳಿ ಸುಮ್ಮನಾಗುತ್ತೇವೆ, ಅಲ್ವಾ?

ಇಂಥ ಅಪಘಾತಗಳಾದ ಮೇಲೆ ವಿಮಾನ ಸಿಬ್ಬಂದಿಗೆ ಒಂದು ಹೊಸ ತರಬೇತಿ ಬಂತು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಹೆಸರು ಕೇಳಿದರೆ ಆಕಳಿಕೆ ಬರುತ್ತದೆ, ವಿಷಯ ಮಾತ್ರ ನೇರ. ಅನುಮಾನ ಬಂದರೆ ಕಿರಿಯರು ಬಿಡಿಸಿ ಹೇಳಬೇಕು. ಹಿರಿಯರು ಕಿವಿಗೊಡಬೇಕು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಇದನ್ನು 1981ರಲ್ಲಿ ಶುರು ಮಾಡಿತು.

ಎಂಟು ವರ್ಷದ ನಂತರ, 1989ರ ಜುಲೈ 19ರಂದು, ಅದೇ ಕಂಪನಿಯ 232ನೇ ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಒಡೆಯಿತು. ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಅಂದರೆ ಸ್ಟೀರಿಂಗ್ ಇಲ್ಲದ ಬಸ್ಸಿನ ಹಾಗೆ. ಕ್ಯಾಪ್ಟನ್ ಆಲ್ ಹೇನ್ಸ್‌ಗೆ ದಶಕಗಳ ಅನುಭವವಿತ್ತು. ಆದರೂ ಪ್ರಯಾಣಿಕರ ನಡುವೆ ಪೈಲಟ್‌ಗಳಿಗೆ ತರಬೇತಿ ಕೊಡುವ ಡೆನಿಸ್ ಫಿಚ್ ಇದ್ದಾರೆ ಅಂತ ಗೊತ್ತಾದಾಗ ಅವರನ್ನು ಒಳಗೆ ಕರೆಸಿಕೊಂಡರು. ಫಿಚ್ ಉಳಿದ ಎರಡು ಎಂಜಿನ್‌ಗಳ ವೇಗವನ್ನು ಹೆಚ್ಚು ಕಮ್ಮಿ ಮಾಡುತ್ತಾ ವಿಮಾನ ತಿರುಗಿಸಿದರು. ಹೊಳೆದದ್ದನ್ನು ಎಲ್ಲರೂ ಹೇಳಿದರು, ಹೇನ್ಸ್ ಆರಿಸಿಕೊಂಡರು. ವಿಮಾನ ಅಮೆರಿಕದ ಸೂ ಸಿಟಿಯಲ್ಲಿ ನೆಲಕ್ಕೆ ಬಡಿದು ಒಡೆಯಿತು. 296 ಜನರಲ್ಲಿ 184 ಜನ ಉಳಿದರು. ಒಬ್ಬನೇ ಆಗಿದ್ದರೆ ಆಗುತ್ತಿರಲಿಲ್ಲ ಅಂತ ಹೇನ್ಸ್ ಮುಂದೆ ಹೋದಲ್ಲೆಲ್ಲ ಹೇಳಿದರು. ಅಲ್ಲಿ ಯಾರೂ ಓಟಿಗೆ ಹಾಕಲಿಲ್ಲ, ಗಮನಿಸಿ. ಕೇಳುವುದು ಅಂದರೆ ಮೀಟಿಂಗ್ ಮಾಡುವುದು ಅಂತಲ್ಲ.

ಎವರೆಸ್ಟ್ ಮೇಲೆ ಕಥೆ ಬೇರೆ. ಆಮ್ಲಜನಕ ಕಮ್ಮಿಯಾಗಿ ತಲೆಯೇ ಓಡುವುದಿಲ್ಲ, ಕೇಳಿದರೂ ಹೇಳುವವರು ಯಾರು? ಹಾಗಾಗಿ ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅನ್ನುವುದನ್ನು ಕೆಳಗಿರುವಾಗಲೇ ತೀರ್ಮಾನ ಮಾಡಿಕೊಂಡಿರಬೇಕು. 1996ರ ಮೇ 10ರಂದು, ವಾಪಸ್ ತಿರುಗಬೇಕಿದ್ದ ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಹಲವರು ಏರುತ್ತಲೇ ಇದ್ದರು. ಬಿರುಗಾಳಿ ಬಂತು. ಎಂಟು ಜನ ಸತ್ತರು.

ಇನ್ನು ಕೈಯಲ್ಲಿ ದಿನಗಟ್ಟಲೆ ಸಮಯ ಇದ್ದರೆ? ಆಗ ಓಟಿಗೆ ಹಾಕುವುದೂ ಸರಿಯೇ. 2010ರ ಆಗಸ್ಟ್ 5ರಂದು ಚಿಲಿಯ ಸ್ಯಾನ್ ಹೋಸೆ ಗಣಿ ಕುಸಿದು 33 ಜನ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಕೊಂಡರು. ಮೊದಲ 17 ದಿನ ಅವರು ಬದುಕಿದ್ದಾರೋ ಇಲ್ಲವೋ ಮೇಲಿನವರಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೆ ಎರಡು ದಿನಕ್ಕೊಮ್ಮೆ ಎರಡು ಚಮಚ ಟ್ಯೂನಾ ಮೀನು, ಅರ್ಧ ಲೋಟ ಹಾಲು. ಶಿಫ್ಟ್ ಮುಖ್ಯಸ್ಥ ಲೂಯಿಸ್ ಉರ್ಸುವಾ ದೊಡ್ಡ ವಿಷಯಗಳನ್ನು ಬಹುಮತಕ್ಕೆ ಬಿಟ್ಟರು. ಹುರುಪು ತುಂಬುವ ಕೆಲಸ ಮಾತುಗಾರ ಮಾರಿಯೋ ಸೆಪುಲ್ವೆದಗೆ, ಪ್ರಾರ್ಥನೆ ಹೋಸೆ ಎನ್ರಿಕೆಸ್‌ಗೆ. ತಾನೇ ಎಲ್ಲ ಕಡೆ ಮಿಂಚಬೇಕು ಅನ್ನುವ ಚಪಲ ಉರ್ಸುವಾಗೆ ಇದ್ದಂತಿಲ್ಲ. ಊಟದ ಪಾಲು ಚಿಕ್ಕದಿರುವಾಗ, ಹಂಚುವ ಲೆಕ್ಕದಲ್ಲಿ ತನ್ನ ಮಾತೂ ಇತ್ತು ಅಂತ ಅನ್ನಿಸದಿದ್ದರೆ ಹಸಿದವನು ಡಬ್ಬಿಗೆ ಕೈ ಹಾಕೇ ಹಾಕುತ್ತಾನೆ.

69 ದಿನಗಳ ನಂತರ ಒಬ್ಬೊಬ್ಬರನ್ನೇ ಮೇಲೆ ಎಳೆದರು. 33ನೆಯವರಾಗಿ, ಎಲ್ಲರಿಗಿಂತ ಕೊನೆಗೆ, ಉರ್ಸುವಾ ಬಂದರು. ಎದುರಿಗೆ ದೇಶದ ಅಧ್ಯಕ್ಷರು ನಿಂತಿದ್ದರು. ಕೆಲಸ ಮುಗಿಸಿದ ಮೇಸ್ತ್ರಿ ಹೇಳುವ ಹಾಗೆಯೇ ಹೇಳಿದರು: ಈ ಶಿಫ್ಟನ್ನು ನಿಮಗೆ ಒಪ್ಪಿಸುತ್ತಿದ್ದೇನೆ.