ಎರಡು ಹೆಸರುಗಳ ನಡುವೆ ಒಂದು ಗೆರೆ

ಇಂಗ್ಲಿಷ್‌ನಲ್ಲಿ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳೇ ಬರೆಯುವ ಕಥೆ, ಓದುವ ಹೆಚ್ಚಿನವರಿಗೆ 'ಕರ್ಕ್/ಸ್ಪಾಕ್' ಅಂದರೂ ಒಂದೇ, 'ಸ್ಪಾಕ್/ಕರ್ಕ್' ಅಂದರೂ ಒಂದೇ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಇವರಿಬ್ಬರ ನಡುವೆ ಪ್ರೀತಿ ಇದೆ, ಅಷ್ಟು ಗೊತ್ತಾದರೆ ಸಾಕು. ಜಪಾನಿನ ಓದುಗರಿಗೆ ಹಾಗಲ್ಲ. ಹೆಸರು ಹಿಂದುಮುಂದಾಯಿತೋ, ಅದು ಬೇರೆಯೇ ಜೋಡಿ, ಬೇರೆಯೇ ಕಥೆ. ಒಂದನ್ನು ಹುಡುಕಿ ಹುಡುಕಿ ಓದುವವರು ಇನ್ನೊಂದರ ಹತ್ತಿರವೂ ಸುಳಿಯದಿರಬಹುದು.

ಬೇರೆಯವರು ಹುಟ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ತಮ್ಮ ಖುಷಿಗೆ ಬರೆದುಕೊಳ್ಳುವ ಕಥೆಗಳು ಇವು. ಆ ಖುಷಿ ಒಂದೊಂದು ದೇಶದಲ್ಲಿ ಒಂದೊಂದು ಥರ ಯಾಕೆ? 'ಅಲ್ಲಿನವರ ರುಚಿಯೇ ಹಾಗೆ' ಅಂದು ಮುಗಿಸಿಬಿಡಬಹುದು. ನನಗೆ ಆ ಉತ್ತರ ಸಾಲದು. ಕಥೆಗಳು ಎಲ್ಲಿ, ಯಾರ ಕೈಯಿಂದ ಯಾರ ಕೈಗೆ ಹೋದವು ಅನ್ನುವುದರಲ್ಲೇ ರುಚಿಯ ಅರ್ಧ ಗುಟ್ಟು ಇದೆ.

ಅಮೆರಿಕದಲ್ಲಿ 1966ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಶುರುವಾಯಿತು. ಮರುವರ್ಷವೇ 'ಸ್ಪಾಕನೇಲಿಯಾ' ಅನ್ನುವ ಅಭಿಮಾನಿಗಳ ಪತ್ರಿಕೆ ಬಂತು. ಇಂಥ ಪತ್ರಿಕೆಗಳಿಗೆ ಕಥೆ ಬರೆದವರಲ್ಲಿ ಹೆಂಗಸರೇ ಜಾಸ್ತಿ. ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್ ಮತ್ತು ಅವನ ಜೊತೆಗಾರ ಸ್ಪಾಕ್ ಪ್ರೇಮಿಗಳು ಎಂದು ಕಲ್ಪಿಸಿದ ಚಿಕ್ಕ ಕಥೆಯೊಂದು 1974ರಲ್ಲಿ ಅಚ್ಚಾಯಿತು. ತಮಾಷೆ ಅಂದರೆ, ಆ ಕಥೆಯಲ್ಲಿ ಇಬ್ಬರ ಹೆಸರೂ ಇಲ್ಲ. ಗೊತ್ತಿದ್ದವರಿಗೆ ಗೊತ್ತಾಗಲಿ ಅನ್ನುವ ಹಾಗೆ ಬರೆದದ್ದು. ಆಮೇಲೆ ಸ್ನೇಹದ ಕಥೆಗೆ '&', ಪ್ರೇಮದ ಕಥೆಗೆ '/' ಹಾಕುವ ಪದ್ಧತಿ ಬೆಳೆಯಿತು. ಆ ಓರೆಗೆರೆಯಿಂದಲೇ ಗಂಡು-ಗಂಡು ಪ್ರೇಮದ ಕಥೆಗಳಿಗೆ 'ಸ್ಲ್ಯಾಶ್' ಅನ್ನುವ ಹೆಸರು ಬಂದದ್ದು.

ಬರೆಯುವವರು ಹೆಂಗಸರು, ಪ್ರೀತಿಸುವವರು ಇಬ್ಬರು ಗಂಡಸರು. ಇದಕ್ಕೆ ದೊಡ್ಡ ದೊಡ್ಡ ವಿವರಣೆಗಳಿವೆ. ಸರಳವಾದ ಒಂದು ಕಾರಣ ಕಣ್ಣೆದುರೇ ಇದೆ: ಆ ಕಾಲದ ಧಾರಾವಾಹಿಗಳಲ್ಲಿ ಪೂರ್ತಿಯಾಗಿ ಬೆಳೆದ ಪಾತ್ರಗಳು ಹೆಚ್ಚಾಗಿ ಗಂಡಸರದ್ದೇ. ಗಾಢವಾದ ಸಂಬಂಧ ಬೇಕಾದವರು ಅದು ಇರುವ ಕಡೆಯೇ ಹುಡುಕಬೇಕಲ್ವಾ?

ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನಲ್ಲೂ ಇಂಥದ್ದೇ ಒಂದು ಶುರುವಾಗಿತ್ತು. ಅದಕ್ಕೆ ಅಮೆರಿಕದ ಸುದ್ದಿಯೇ ಬೇಕಾಗಿರಲಿಲ್ಲ. 1975ರ ಡಿಸೆಂಬರ್ 21ರಂದು ಟೋಕಿಯೋದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆಯಿತು. ಅಭಿಮಾನಿಗಳು ತಾವೇ ಮಾಡಿದ ಪುಸ್ತಕಗಳನ್ನು ಮಾರುವ ಸಂತೆ ಅದು, ಎಲ್ಲರೂ ಕರೆಯುವುದು 'ಕಾಮಿಕೆಟ್' ಅಂತ. ಅವತ್ತು ಪುಸ್ತಕ ಇಟ್ಟುಕೊಂಡು ಕೂತ ಗುಂಪುಗಳು 32, ಬಂದವರು ಸುಮಾರು 700 ಮಂದಿ. ಅವರಲ್ಲಿ ಹೆಚ್ಚಿನವರು ಶಾಲೆಯ ಹುಡುಗಿಯರು. 1980ರ ದಶಕದಲ್ಲಿ 'ಕ್ಯಾಪ್ಟನ್ ತ್ಸುಬಾಸಾ' ಎಂಬ ಫುಟ್‌ಬಾಲ್ ಕಾಮಿಕ್ಸಿನ ಹುಡುಗರನ್ನು ಜೋಡಿ ಮಾಡಿ ಬರೆದ ಪುಸ್ತಕಗಳು ಅಲ್ಲಿ ರಾಶಿ ರಾಶಿ ಬಂದವು. ಇಂಥ ಕಥೆಗಳಿಗೆ 'ಯಾವೋಯಿ' ಅನ್ನುತ್ತಾರೆ. ಏರಿಲ್ಲ, ತುದಿಯಿಲ್ಲ, ಅರ್ಥವಿಲ್ಲ ಅನ್ನುವ ಮೂರು ಮಾತುಗಳ ಮೊದಲಕ್ಷರ ಸೇರಿಸಿ, ಬರೆಯುವವರೇ ತಮ್ಮನ್ನು ಗೇಲಿ ಮಾಡಿಕೊಂಡು ಕಟ್ಟಿದ ಪದ ಅದು.

ಜಪಾನಿನಲ್ಲಿ ಹೆಸರುಗಳ ನಡುವೆ ಬಂದದ್ದು ಓರೆಗೆರೆಯಲ್ಲ, ಗುಣಾಕಾರದ '×'. ಎಡಗಡೆಯವನು 'ಸೆಮೆ', ಅಂದರೆ ಮುಂದಾಗುವವನು. ಬಲಗಡೆಯವನು 'ಉಕೆ', ಅಂದರೆ ಸ್ವೀಕರಿಸುವವನು. ಹಾಸಿಗೆಯ ವಿಷಯ ಮಾತ್ರ ಅಲ್ಲ ಇದು. ಯಾರು ಮೊದಲು ಮನಸ್ಸು ಬಿಚ್ಚುತ್ತಾನೆ, ಯಾರು ತಡವರಿಸುತ್ತಾನೆ ಅನ್ನುವುದೂ ಇದರಲ್ಲೇ ಅಡಗಿರುತ್ತದೆ.

ಅಷ್ಟು ಕರಾರುವಾಕ್ಕಾದ ಗುರುತು ಯಾಕೆ ಬೇಕಾಯಿತು? ಇಲ್ಲಿಂದ ಮುಂದೆ ನನ್ನ ಊಹೆ. ಜಪಾನಿನ ಕಥೆ ಒಂದು ಮೇಜಿನ ಮೇಲೆ ಪುಸ್ತಕವಾಗಿ ಮಾರಾಟಕ್ಕೆ ಕೂತಿತ್ತು. ಒಂದೇ ಜೋಡಿಯ ಪುಸ್ತಕ ಮಾಡಿದವರನ್ನು ಅಕ್ಕಪಕ್ಕ ಕೂರಿಸುತ್ತಾರೆ. ಕೊಳ್ಳುವವರಿಗೆ ಸಮಯ ಕಡಿಮೆ, ಜನಜಂಗುಳಿ, ಕೈಯಲ್ಲಿ ಎಣಿಸಿಟ್ಟ ಹಣ. ಒಳಗೆ ಏನಿದೆ ಅನ್ನುವುದನ್ನು ಮುಖಪುಟವೇ ಹೇಳಬೇಕು. ತಪ್ಪಿದರೆ ದುಡ್ಡೂ ಹೋಯಿತು, ಮನಸ್ಸೂ ಕೆಟ್ಟಿತು. ಹಿಡಿಸದ ಜೋಡಿಗೆ ಅಲ್ಲಿನ ಓದುಗರು ಇಟ್ಟ ಹೆಸರು 'ನೆಲಬಾಂಬು'. ಗೊತ್ತಿಲ್ಲದೆ ಕಾಲಿಟ್ಟರೆ ಸಿಡಿಯುತ್ತದೆ.

ಈ ಎಡ-ಬಲದ ಲೆಕ್ಕ ಕೊರಿಯಾಕ್ಕೂ ಚೀನಾಕ್ಕೂ ಹೋಯಿತು. ಚೀನಾದಲ್ಲಿ ಜೋಡಿಗೆ 'ಸಿ.ಪಿ.' ಅನ್ನುತ್ತಾರೆ. ತಮ್ಮ ಜೋಡಿಯಲ್ಲಿ ಯಾವ ಅದಲುಬದಲನ್ನೂ ಸಹಿಸದವರಿಗೆ 'ಶುದ್ಧಿಯ ಗೀಳು' ಇದೆ ಎಂಬ ಮಾತೇ ಇದೆ. ಹಾಗಂತ ಏಷ್ಯಾದವರೆಲ್ಲ ಹೀಗೇ ಅಂದುಕೊಳ್ಳಬೇಡಿ. ಹೇಗಿದ್ದರೂ ಸರಿ ಅನ್ನುವವರು ಜಪಾನಿನಲ್ಲೂ ಇದ್ದಾರೆ, ಇಂಗ್ಲಿಷ್‌ನಲ್ಲೂ ಇದೇ ವಿಷಯಕ್ಕೆ ಕಿತ್ತಾಡುವವರಿದ್ದಾರೆ.

ಕೊರಿಯಾದಲ್ಲಿ ಇನ್ನೊಂದು ತಿರುವು. 1990ರ ದಶಕದ ಕೊನೆಗೆ ಹುಡುಗರ ಹಾಡುಗುಂಪುಗಳು ಬಂದಾಗ, ಆ ನಿಜವಾದ ಹುಡುಗರನ್ನೇ ಒಬ್ಬರಿಗೊಬ್ಬರು ಜೋಡಿ ಮಾಡಿ ಕಥೆ ಬರೆದರು. ತಮ್ಮ ಹೀರೋ ಪಕ್ಕ ಬೇರೆ ಹುಡುಗಿ ನಿಲ್ಲುವುದು ಬೇಡ, ಅದಕ್ಕೇ ಹೀಗೆ ಅನ್ನುವವರುಂಟು. ಬದುಕಿರುವವರ ಮೇಲೆ ಹೀಗೆ ಬರೆಯುವುದು ಸರಿಯೇ ಎಂಬ ಪ್ರಶ್ನೆ 2021ರ ಜನವರಿಯಲ್ಲಿ ಅಧ್ಯಕ್ಷರ ಕಚೇರಿಯ ಅರ್ಜಿ ವ್ಯವಸ್ಥೆಯವರೆಗೂ ಹೋಯಿತು. ಶಿಕ್ಷೆಯಾಗಲಿ ಅಂದ ಅರ್ಜಿಗೆ 2 ಲಕ್ಷಕ್ಕಿಂತ ಹೆಚ್ಚು ಸಹಿ ಬಿತ್ತು.

ಹೆಣ್ಣು-ಗಂಡಿನ ಜೋಡಿಯೇ ಮುಖ್ಯವಾದ ಕಡೆ ಗೆರೆಯೇ ಮಾಯ, ಎರಡು ಹೆಸರು ಬೆಸೆದುಕೊಳ್ಳುತ್ತವೆ. ಫಿಲಿಪೀನ್ಸ್‌ನಲ್ಲಿ ತೆರೆಯ ಮೇಲಿನ ಜೋಡಿಗೆ 'ಲವ್ ಟೀಮ್' ಅನ್ನುತ್ತಾರೆ. 2015ರಲ್ಲಿ ಆಲ್ಡೆನ್ ಮತ್ತು ಯಾಯಾ ದಬ್ ಸೇರಿ 'ಆಲ್‌ದಬ್' ಆದರು. ಅಕ್ಟೋಬರ್ 24ರ ಅವರ ಕಾರ್ಯಕ್ರಮದ ಸುತ್ತ ಬಂದ ಟ್ವೀಟ್‌ಗಳು ಸುಮಾರು 4.1 ಕೋಟಿ! ಭಾರತದ ಹಿಂದಿ ಧಾರಾವಾಹಿಯೊಂದರ ಅರ್ನವ್ ಮತ್ತು ಖುಷಿ 2011ರಲ್ಲಿ 'ಅರ್ಶಿ' ಆದದ್ದೂ ಹೀಗೇ. ಇಂಥ ಕಥೆಗಳಲ್ಲಿ ಮೊದಲು ಮದುವೆ, ಆಮೇಲೆ ಜಗಳ, ಕೊನೆಗೆ ಪ್ರೀತಿ ಬರುವುದುಂಟು. ಧಾರಾವಾಹಿಯೇ ಹಾಕಿಕೊಟ್ಟ ದಾರಿ ಅದು.

ಜೋಡಿಯಲ್ಲಿ ಓದುವವಳೇ ಕೂತುಬಿಟ್ಟರೆ? ಜಪಾನಿನಲ್ಲಿ ಅದಕ್ಕೆ 'ಕನಸಿನ ಕಥೆ' ಎಂಬ ಹೆಸರಿದೆ. ನಿಮ್ಮ ಹೆಸರನ್ನು ಒಂದು ಚೌಕದಲ್ಲಿ ಟೈಪ್ ಮಾಡಿದರೆ, ಕಥೆಯುದ್ದಕ್ಕೂ ನಾಯಕಿಗೆ ಅದೇ ಹೆಸರು. ಇಂಗ್ಲಿಷ್‌ನವರು ಅಷ್ಟು ಕಷ್ಟಪಡಲಿಲ್ಲ. ಸುಮ್ನೆ 'ವೈ/ಎನ್' (ಯುವರ್ ನೇಮ್) ಅಂತ ಬರೆದು, ನಿಮ್ಮ ಹೆಸರು ನೀವೇ ಓದಿಕೊಳ್ಳಿ ಅಂದರು. ಇಲ್ಲೂ ಒಂದು ಓರೆಗೆರೆ ಬಂತು ನೋಡಿ.

ಸರ್ಕಾರವೂ ರುಚಿ ತಿದ್ದುತ್ತದೆ. 2014ರ ಅಂತರ್ಜಾಲ ಶುದ್ಧೀಕರಣ ಅಭಿಯಾನದ ಹೊತ್ತಿಗೆ ಚೀನಾದ ದೊಡ್ಡ ಕಾದಂಬರಿ ತಾಣ ಜಿನ್‌ಜಿಯಾಂಗ್ ತನ್ನ ಗಂಡು-ಗಂಡು ಪ್ರೇಮದ ವಿಭಾಗಕ್ಕೆ 'ಶುದ್ಧ ಪ್ರೇಮ' ಎಂದು ಹೆಸರಿಟ್ಟಿತು. ಕುತ್ತಿಗೆಯ ಕೆಳಗಿನದ್ದು ಏನನ್ನೂ ಬರೆಯಬಾರದು ಎಂಬ ನಿಯಮವೂ ಬಂತು. ಕಣ್ಣೋಟ, ಅಂಗಿತೋಳಿನ ಅಂಚು, ಅರ್ಧಕ್ಕೆ ನಿಂತ ಮಾತು ಇವುಗಳ ಮೇಲೆಯೇ ಕಥೆ ನಡೆಸುವವರಿಗೆ ಆ ಕೌಶಲ ಸುಮ್ನೆ ಬಂದದ್ದಲ್ಲ. ಬಿಚ್ಚಿ ಬರೆಯಬೇಕಾದವರು ಅಮೆರಿಕದ 'ಆರ್ಕೈವ್ ಆಫ್ ಅವರ್ ಓನ್' ಎಂಬ ಫ್ಯಾನ್ ಫಿಕ್ಷನ್ ತಾಣಕ್ಕೆ ಹೋದರು. 2020ರ ಫೆಬ್ರವರಿಯಲ್ಲಿ, ಒಬ್ಬ ನಟನ ಮೇಲಿನ ಕಥೆಗೆ ಸಿಟ್ಟಾದ ಅವನ ಅಭಿಮಾನಿಗಳು ದೂರು ಕೊಟ್ಟರು. ತಿಂಗಳ ಕೊನೆಯ ದಿನ ಆ ತಾಣವೇ ಚೀನಾದಲ್ಲಿ ಬಂದ್ ಆಯಿತು.

ಆ ಆರ್ಕೈವ್‌ನಲ್ಲಿ ಈಗ ಎಲ್ಲ ಭಾಷೆಯವರೂ ಒಂದೇ ಕಡೆ ಸೇರುತ್ತಾರೆ. ಅಲ್ಲಿ ಜೋಡಿಯ ಟ್ಯಾಗ್‌ನಲ್ಲಿ ಹೆಸರುಗಳನ್ನು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಇಡುತ್ತಾರೆ, ಎಡ-ಬಲಕ್ಕೆ ಅರ್ಥವೇ ಇಲ್ಲ. ಅದಕ್ಕೇ ಎಷ್ಟೋ ಬರಹಗಾರರು ಕೆಳಗೆ ಇನ್ನೆರಡು ಟ್ಯಾಗ್ ಸೇರಿಸುತ್ತಾರೆ: ಇವನು ಮೇಲೆ, ಅವನು ಕೆಳಗೆ.